ಸ್ಲೋ ಕುಕ್ಕರ್: ಕೆಟ್ಟಿದ್ದು ಯಂತ್ರವೋ, ಅಡುಗೆಯೋ?

ಸ್ಲೋ ಕುಕ್ಕರ್ ಎಂದರೆ ಕರೆಂಟಿನ ಮಂದ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ಯಂತ್ರ: ಕಾಯುವ ಹೊರ ಡಬ್ಬ (ಬೇಸ್), ಅದರೊಳಗೆ ಪಿಂಗಾಣಿಯ ಒಳಪಾತ್ರೆ. ಬೆಳಿಗ್ಗೆ ತರಕಾರಿ, ಮಾಂಸ ಹೆಚ್ಚಿ ಹಾಕಿ, ಮುಚ್ಚಳ ಮುಚ್ಚಿ, ನಾಬನ್ನು ‘ಲೋ’ಗೆ ತಿರುಗಿಸಿ ಕೆಲಸಕ್ಕೆ ಹೋಗುತ್ತೀರಿ. ಸಂಜೆ ಬಂದು ಮುಚ್ಚಳ ಎತ್ತಿದರೆ ಮಾಂಸ ಬೆಂದಿದೆ, ಕ್ಯಾರೆಟ್ ಮಾತ್ರ ಹಲ್ಲಿಗೆ ಕಟಕ್ಕೆನ್ನುತ್ತದೆ. ಇನ್ನೊಂದು ದಿನ ಎಲ್ಲವೂ ಬೆಂದಿರುತ್ತದೆ, ಆದರೆ ಬಡಿಸಿದರೆ ತಟ್ಟೆ ತುಂಬ ಸಪ್ಪೆ ನೀರು. ಮತ್ತೊಂದು ದಿನ ಪಾತ್ರೆಯ ಅಂಚಿಗೆಲ್ಲ ಕರಿ ಪಟ್ಟಿ. ಮೂರು ಸಲ ಹೀಗಾದರೆ ಯಾರಿಗಾದರೂ ಅನಿಸುವುದು ಒಂದೇ: ಈ ಡಬ್ಬ ಕೆಟ್ಟಿದೆ.

ನಾನು ನೋಡಿದ ಮಟ್ಟಿಗೆ ಡಬ್ಬ ಕೆಟ್ಟಿರುವುದು ಅಪರೂಪ. ಕೆಡುವುದಕ್ಕೆ ಅದರಲ್ಲಿರುವುದೇ ನಾಲ್ಕು ಸಾಮಾನು: ಗೋಡೆಯ ಸುತ್ತ ಪಟ್ಟಿಯ ಹಾಗೆ ಸುತ್ತಿದ ಹೀಟಿಂಗ್ ಕಾಯಿಲ್, ಒಂದು ಸ್ವಿಚ್, ಮಿತಿ ಮೀರಿ ಬಿಸಿಯಾದರೆ ಸುಟ್ಟು ಕರೆಂಟು ಕಡಿಯುವ ಒಂದು ಥರ್ಮಲ್ ಫ್ಯೂಸ್, ಒಂದು ವೈರು. ನಾಬ್ ತಿರುಗಿಸುವ ಸಾದಾ ಮಾಡೆಲ್‌ಗಳಲ್ಲಿ ಎಷ್ಟೋ ಸಲ ಥರ್ಮೋಸ್ಟಾಟ್ ಕೂಡ ಇರುವುದಿಲ್ಲ. ಒಳಗಿನ ಅಡುಗೆ ಎಷ್ಟು ಬಿಸಿಯಾಗಿದೆ ಎನ್ನುವುದು ಅಂಥ ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ. ಅದು ಒಂದೇ ಸಮನೆ ಶಾಖ ಕೊಡುತ್ತಾ ಹೋಗುತ್ತದೆ. ಮುಚ್ಚಳದಿಂದಲೂ ಗೋಡೆಯಿಂದಲೂ ಸೋರಿಹೋಗುವ ಶಾಖ ಅದಕ್ಕೆ ಸಮವಾದಾಗ ಬಿಸಿ ಏರುವುದು ನಿಲ್ಲುತ್ತದೆ. ‘ಲೋ’ ಮತ್ತು ‘ಹೈ’ ಎರಡೂ ಕೊನೆಗೆ ಮುಟ್ಟುವುದು ಹೆಚ್ಚುಕಡಿಮೆ ಒಂದೇ ಮಟ್ಟವನ್ನು, ಕುದಿಗಿಂತ ತುಸು ಕೆಳಗೆ. ವ್ಯತ್ಯಾಸ ಇರುವುದು ಅಲ್ಲಿಗೆ ಹೋಗುವ ವೇಗದಲ್ಲಿ. ಹೈನಲ್ಲಿ 3–4 ಗಂಟೆಯ ಕೆಲಸ ಲೋನಲ್ಲಿ 7–8 ಗಂಟೆ ಹಿಡಿಯುತ್ತದೆ. ಇದೊಂದು ತಿಳಿದಿದ್ದರೆ ಕೆಳಗಿನ ಅರ್ಧದಷ್ಟು ದೂರುಗಳ ಮೂಲ ನಿಮಗೇ ಹೊಳೆಯುತ್ತದೆ.

ಎಲ್ಲಕ್ಕೂ ಮೊದಲು ನೀರಿನ ಪರೀಕ್ಷೆ

ಯಂತ್ರದ ಮೇಲೆ ಅನುಮಾನವಿದ್ದರೆ ಸ್ಕ್ರೂಡ್ರೈವರ್ ಹುಡುಕಬೇಡಿ, ಥರ್ಮಾಮೀಟರ್ ಹುಡುಕಿ. ಅಡುಗೆಗೆ ಬಳಸುವ ಕಡ್ಡಿಯಂಥದು ಸಾಕು. ಜ್ವರ ನೋಡುವುದು ಬೇಡ, ಅದು 42 ಡಿಗ್ರಿಯ ಆಚೆಗೆ ಹೋಗುವುದಿಲ್ಲ.

ಒಳಪಾತ್ರೆಗೆ ಅರ್ಧಕ್ಕಿಂತ ಮೇಲೆ, ಮುಕ್ಕಾಲಿಗಿಂತ ಕೆಳಗೆ ನಲ್ಲಿ ನೀರು ತುಂಬಿ. ಮುಚ್ಚಳ ಮುಚ್ಚಿ, ಲೋನಲ್ಲಿ 8 ಗಂಟೆ ಬಿಡಿ. ನಡುವೆ ಮುಚ್ಚಳ ಎತ್ತಬೇಡಿ. ಹೊತ್ತಾದ ಮೇಲೆ ಮುಚ್ಚಳ ಸರಿಸಿದ ತಕ್ಷಣ ಥರ್ಮಾಮೀಟರ್ ಅದ್ದಿ, ಯಾಕೆಂದರೆ ಮುಚ್ಚಳ ತೆರೆದ ಗಳಿಗೆಯಿಂದಲೇ ಬಿಸಿ ಇಳಿಯತೊಡಗುತ್ತದೆ.

ಅಂಕಿ 85ರಿಂದ 93 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದರೆ ಯಂತ್ರ ಆರೋಗ್ಯವಾಗಿದೆ. ತಪ್ಪು ಅಳತೆಯಲ್ಲೋ ಹೊತ್ತಿನಲ್ಲೋ ಸಾಮಾನು ಜೋಡಿಸಿದ ರೀತಿಯಲ್ಲೋ ಇದೆ. 93 ದಾಟಿದ್ದರೆ ಯಂತ್ರ ಸ್ವಲ್ಪ ಜೋರಿನದು. ಅದರಿಂದ ಅಪಾಯವಿಲ್ಲ, ಆದರೆ ಪುಸ್ತಕದಲ್ಲಿ 8 ಗಂಟೆ ಎಂದು ಬರೆದದ್ದು ನಿಮ್ಮಲ್ಲಿ ಆರೂವರೆಗೇ ಮುಗಿದಿರುತ್ತದೆ. 85ಕ್ಕಿಂತ ಕೆಳಗೆ ನಿಂತಿದ್ದರೆ ಮಾತ್ರ ಯಂತ್ರವನ್ನು ದೂರಬಹುದು. ಅಂಥದರಲ್ಲಿ ಮಾಂಸ ಬೇಯಿಸಬೇಡಿ; ಆಹಾರ 5ರಿಂದ 60 ಡಿಗ್ರಿ ನಡುವೆ ಬಹಳ ಹೊತ್ತು ತೆವಳಿದರೆ ರೋಗಾಣು ಬೆಳೆಯುತ್ತದೆ.

ಆದರೆ 85 ಮುಟ್ಟಲಿಲ್ಲ ಎಂದು ಆವತ್ತೇ ಎಸೆಯಬೇಕಾಗಿಯೂ ಇಲ್ಲ. ಮುಂದಿನ ಎರಡು ಭಾಗ ನೋಡಿಕೊಂಡು, ಬೇರೆ ಸಾಕೆಟ್‌ನಲ್ಲಿ, ಬೇರೆ ಹೊತ್ತಿನಲ್ಲಿ ಇನ್ನೊಮ್ಮೆ ಅಳೆಯಿರಿ.

ಲಕ್ಷಣ: ಬಿಸಿಯೇ ಆಗುತ್ತಿಲ್ಲ

ದುಡ್ಡು ಖರ್ಚಾಗದ ಕೆಲಸಗಳು ಮೊದಲು. ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಸಿಕ್ಕಿಸಿ ನೋಡಿ. ಚಾರ್ಜ್ ಆಗದಿದ್ದರೆ ಕುಕ್ಕರನ್ನು ಬಿಟ್ಟುಬಿಡಿ, ಸಾಕೆಟ್ ನೋಡಿಸಿ. ಆದರೆ ಕುಕ್ಕರ್ ಬೇರೆ ಸಾಕೆಟ್‌ನಲ್ಲೂ ಸತ್ತಂತಿದ್ದರೆ ನಾಬ್ ಕಡೆ ಗಮನ ಕೊಡಿ. ತಿರುಗಿಸುವಾಗ ಕಟ್ ಎಂದು ಕೂರುತ್ತಿದೆಯೋ, ಸಡಿಲವಾಗಿ ಸುತ್ತುತ್ತಿದೆಯೋ? ಎಷ್ಟೋ ನಾಬ್‌ಗಳು ಒಳಗಿನ ಪ್ಲಾಸ್ಟಿಕ್ ಸೀಳಿ ಸುಮ್ಮನೆ ತಿರುಗುತ್ತವೆ, ಒಳಗಿನ ಸ್ವಿಚ್ ಅಲುಗುವುದೇ ಇಲ್ಲ. ಡಿಜಿಟಲ್ ಮಾಡೆಲ್ ಆದರೆ ಟೈಮರ್ ಇಟ್ಟ ಮೇಲೆ ‘ಸ್ಟಾರ್ಟ್’ ಒತ್ತಿದ್ದೀರಾ ನೋಡಿ. ನಗಬೇಡಿ, ಒಂದು ಇಡೀ ದಿನದ ಅಡುಗೆಯನ್ನು ನಾನು ಹೀಗೆ ಎಸೆದಿದ್ದೇನೆ.

ಬಿಸಿ ಬರುತ್ತಿದೆಯೋ ಇಲ್ಲವೋ ತಿಳಿಯಲು ಅವಸರ ಬೇಡ. ಇವುಗಳ ಶಕ್ತಿ ಕಡಿಮೆ: ಮೂರೂವರೆ ಲೀಟರಿನದು ಸುಮಾರು 200 ವಾಟ್, ಆರು ಲೀಟರಿನದು 300 ವಾಟ್ ಆಸುಪಾಸು. ಇಸ್ತ್ರಿಪೆಟ್ಟಿಗೆ ಇದರ ಐದು ಪಟ್ಟು ಎಳೆಯುತ್ತದೆ. ನೀರು ಹಾಕಿ, ಹೈನಲ್ಲಿಟ್ಟು, ಒಂದು ಗಂಟೆ ಬಿಟ್ಟು ಪಾತ್ರೆಯ ಹೊರ ಅಂಚಿನ ಬಳಿ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಆಗಲೂ ತಣ್ಣಗಿದ್ದರೆ ದೋಷ ಒಳಗಿದೆ.

ಮಲ್ಟಿಮೀಟರ್ ಇದ್ದು, ಬಳಸಿ ರೂಢಿಯಿರುವವರು ಇನ್ನೊಂದು ಹೆಜ್ಜೆ ಹೋಗಬಹುದು. ಪ್ಲಗ್ಗನ್ನು ಗೋಡೆಯಿಂದ ಕಿತ್ತು, ನಾಬನ್ನು ಹೈಗೆ ತಿರುಗಿಸಿ, ಪ್ಲಗ್ಗಿನ ಫೇಸ್ ಮತ್ತು ನ್ಯೂಟ್ರಲ್ ಪಿನ್‌ಗಳ ನಡುವಿನ ಓಮ್ ಅಳೆಯಿರಿ. ಲೆಕ್ಕ ಸುಲಭ: ವೋಲ್ಟೇಜಿನ ವರ್ಗವನ್ನು ವಾಟ್‌ನಿಂದ ಭಾಗಿಸಿ. 230 ವೋಲ್ಟ್, 200 ವಾಟ್‌ನದಕ್ಕೆ ಸುಮಾರು 265 ಓಮ್ ಬರಬೇಕು. ಅದರ ಹತ್ತಿರ ಬಂದರೆ ಕಾಯಿಲ್, ಫ್ಯೂಸ್, ವೈರು ಮೂರೂ ಸರಿ. ಮೀಟರ್ ಏನೂ ತೋರಿಸದಿದ್ದರೆ ಎಲ್ಲೋ ದಾರಿ ಕಡಿದಿದೆ. ಡಿಜಿಟಲ್ ಮಾಡೆಲ್‌ನಲ್ಲಿ ಈ ಅಳತೆ ನಡೆಯುವುದಿಲ್ಲ, ಅಲ್ಲಿ ಕರೆಂಟು ಬಂದ ಮೇಲೆಯೇ ರಿಲೇ (ಕರೆಂಟಿನಿಂದ ನಡೆಯುವ ಒಳಗಿನ ಸ್ವಿಚ್) ಕೂಡಿಕೊಳ್ಳುವುದು. ಇನ್ನು ಲೋ ಕೆಲಸ ಮಾಡುತ್ತದೆ, ಹೈ ಇಲ್ಲ (ಅಥವಾ ಹೈ ಇದೆ, ಲೋ ಇಲ್ಲ) ಎಂದರೆ ಸ್ವಿಚ್‌ನ ಒಂದು ಕಾಂಟ್ಯಾಕ್ಟ್ ಅಥವಾ ಎರಡು ಕಾಯಿಲ್‌ಗಳಲ್ಲಿ ಒಂದು ಹೋಗಿರಬಹುದು.

ಇಲ್ಲಿಗೆ ನಿಲ್ಲಿ. ತಳದ ಸ್ಕ್ರೂ ಬಿಚ್ಚುವುದು ಗೊತ್ತಿದ್ದವರ ಕೆಲಸ. ರಿಪೇರಿಗೆ ಕೊಟ್ಟರೆ ಒಂದು ಮಾತು ಖಡಾಖಂಡಿತವಾಗಿ ಹೇಳಿ: ಥರ್ಮಲ್ ಫ್ಯೂಸ್ ಸುಟ್ಟಿದ್ದರೆ ಅದೇ ಡಿಗ್ರಿಯ ಇನ್ನೊಂದು ಹಾಕಬೇಕು, ತಂತಿ ಸುತ್ತಿ ನೇರ ಕೊಡಬಾರದು. ನೇರ ಕೊಟ್ಟರೆ ಕುಕ್ಕರ್ ನಡೆಯುತ್ತದೆ, ಚೆನ್ನಾಗಿಯೇ ನಡೆಯುತ್ತದೆ. ಆದರೆ ಯಾರೂ ಇಲ್ಲದ ಮನೆಯಲ್ಲಿ ಎಂಟು ಗಂಟೆ ಉರಿಯುವ ಯಂತ್ರದಲ್ಲಿ ಬೆಂಕಿಗೆ ಅಡ್ಡ ನಿಂತಿರುವುದು ಆ ಒಂದು ಬೆರಳುಗುರಿನಷ್ಟು ಫ್ಯೂಸ್.

ಲಕ್ಷಣ: ಬಿಸಿ ಆಗುತ್ತದೆ, ಹೇಳಿದ ಹೊತ್ತಿಗೆ ಬೇಯುವುದಿಲ್ಲ

ಮೊದಲು ನಿಮ್ಮ ಕೈಯನ್ನೇ ಅನುಮಾನಿಸಿ. ಎಷ್ಟು ಸಲ ಮುಚ್ಚಳ ಎತ್ತಿದಿರಿ? ಮುಚ್ಚಳದ ಅಂಚಿನಲ್ಲಿ ಹಬೆ ತಣಿದು ನೀರಿನ ತೆಳು ಉಂಗುರ ಕೂತಿರುತ್ತದೆ. ಗಾಜನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿದರೆ ಅದು ಆ ನೀರಿನ ಮೇಲೆ ಜಾರುವುದು ತಿಳಿಯುತ್ತದೆ. ಒಳಗಿನ ಹಬೆಯನ್ನು ಹಿಡಿದಿಡುವ ಬೀಗವೇ ಅದು. ಒಮ್ಮೆ ಎತ್ತಿದರೆ ಬೀಗ ಒಡೆದು, ಕಳೆದ ಬಿಸಿಯನ್ನು ಮತ್ತೆ ಗಳಿಸಲು 15ರಿಂದ 30 ನಿಮಿಷ ಬೇಕು. ‘ಸುಮ್ಮನೆ ಒಂದು ಸಲ ಕಲಕಿದೆ’ ಅನ್ನುವುದು ನಾಲ್ಕು ಸಲವಾದರೆ ಊಟ ಒಂದೂವರೆ ಗಂಟೆ ಮುಂದಕ್ಕೆ ಹೋಯಿತು. ಒಳಗೆ ಕಾಣದಷ್ಟು ಗಾಜು ಮಂಜಾಗಿದ್ದರೆ ಎತ್ತಬೇಡಿ, ಮುಚ್ಚಳವನ್ನು ಸ್ವಲ್ಪ ಅಲ್ಲಾಡಿಸಿ; ಹನಿಗಳು ಹರಿದು ದಾರಿ ಬಿಡುತ್ತವೆ.

ಮುಚ್ಚಳ ಅಲುಗುತ್ತಿದೆಯೇ, ಅಂಚು ಮುಕ್ಕಾಗಿದೆಯೇ, ಪಾತ್ರೆಗೂ ಮುಚ್ಚಳಕ್ಕೂ ನಡುವೆ ಸೌಟಿನ ಹಿಡಿ ಸಿಕ್ಕಿಕೊಂಡಿದೆಯೇ ನೋಡಿ. ಬೇರೆ ಮುಚ್ಚಳ ಹಾಕಿ ಹೊಂದಿಸಿಕೊಂಡವರ ಕುಕ್ಕರ್ 85 ಮುಟ್ಟದಿರುವುದರಲ್ಲಿ ಆಶ್ಚರ್ಯವಿಲ್ಲ. ಕ್ಲಿಪ್ ಇರುವ ಮುಚ್ಚಳವಾದರೆ, ಕ್ಲಿಪ್ ಇರುವುದು ಸಾಮಾನ್ಯವಾಗಿ ಪಾತ್ರೆಯನ್ನು ಹೊತ್ತೊಯ್ಯುವಾಗ ಚೆಲ್ಲದಿರಲಿ ಎಂದು. ಬೇಯುವಾಗ ಬಿಗಿದಿಡಬೇಡಿ.

ಆಮೇಲೆ ಹಾಕಿದ ಸಾಮಾನು. ಕಂಠಮಟ್ಟ ತುಂಬಿದ ಪಾತ್ರೆ ನಿಧಾನ. ಅರ್ಧದಿಂದ ಮೂರನೇ ಎರಡು ಪಾಲಿನವರೆಗೆ ತುಂಬುವುದು ಹದ. ಫ್ರೀಜರ್‌ನಿಂದ ತೆಗೆದ ಮಾಂಸದ ಗಡ್ಡೆಯನ್ನು ನೇರ ಹಾಕಿದರೆ ಅದು ಕರಗುವುದರಲ್ಲೇ ಅರ್ಧ ದಿನ ಕಳೆಯುತ್ತದೆ, ಆ ಅರ್ಧ ದಿನವೂ ರೋಗಾಣುವಿನ ಹಬ್ಬ. ಫ್ರಿಜ್‌ನಲ್ಲಿ ಪೂರ್ತಿ ಕರಗಿಸಿಯೇ ಹಾಕಿ. ರಾತ್ರಿಯೇ ಎಲ್ಲ ಹೆಚ್ಚಿ ಒಳಪಾತ್ರೆಯಲ್ಲಿ ತುಂಬಿ ಫ್ರಿಜ್‌ಗೆ ಇಡುವ ರೂಢಿಯೂ ಹೀಗೇ ತೊಂದರೆ ಕೊಡುತ್ತದೆ. ದಪ್ಪ ಪಿಂಗಾಣಿ ತಣ್ಣಗಾದರೆ ಅದನ್ನು ಬೆಚ್ಚಗೆ ಮಾಡುವುದಕ್ಕೇ ಮೊದಲ ಒಂದೆರಡು ಗಂಟೆ ಹೋಗುತ್ತದೆ. ಹೆಚ್ಚಿದ್ದನ್ನು ಬೇರೆ ಡಬ್ಬಿಯಲ್ಲಿಡಿ, ಮಾಂಸ ಒಂದರಲ್ಲಿ, ತರಕಾರಿ ಇನ್ನೊಂದರಲ್ಲಿ. ಬೆಳಿಗ್ಗೆ ಪಾತ್ರೆಗೆ ಬಿಸಿ ನೀರನ್ನೋ ಬಿಸಿ ಸ್ಟಾಕನ್ನೋ ಹಾಕಿ ಶುರುಮಾಡಿ, ಸಾಧ್ಯವಾದರೆ ಮೊದಲ ಒಂದು ಗಂಟೆ ಹೈನಲ್ಲಿಡಿ.

ಇಷ್ಟೆಲ್ಲ ಸರಿಯಿದ್ದೂ ಕೆಲವು ದಿನ ಮಾತ್ರ ತಡವಾಗುತ್ತಿದ್ದರೆ ವೋಲ್ಟೇಜ್ ಅನುಮಾನಿಸಿ. ಕಾಯಿಲ್‌ನ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ರ ಜಾಗದಲ್ಲಿ 200 ವೋಲ್ಟ್ ಬಂದರೆ ವೋಲ್ಟೇಜ್ ಇಳಿದದ್ದು ನೂರಕ್ಕೆ 13, ಶಾಖ ಇಳಿದದ್ದು ನೂರಕ್ಕೆ 24. ದೀಪ ಮಂಕಾಗಿ ಕಾಣುವ ಹೊತ್ತಿನಲ್ಲಿ ಕುಕ್ಕರ್ ಕೂಡ ಮಂಕಾಗಿರುತ್ತದೆ. ಎತ್ತರದ ಜಾಗದಲ್ಲಿರುವವರಿಗೆ ಇನ್ನೊಂದು ಕಾರಣವಿದೆ: ಪ್ರತಿ 300 ಮೀಟರ್ ಮೇಲೆ ಹೋದಂತೆ ನೀರು ಕುದಿಯುವ ಮಟ್ಟ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. 1500 ಮೀಟರ್ ಎತ್ತರದಲ್ಲಿ ನೀರು 95ಕ್ಕೇ ಕುದಿಯುತ್ತದೆ, ಹೊತ್ತು ಹೆಚ್ಚು ಕೊಡಲೇಬೇಕು.

‘ವಾರ್ಮ್’ನಲ್ಲಿಟ್ಟು ಬೇಯಲಿಲ್ಲ ಎನ್ನುವವರಿಗೆ: ಅದು ಬೇಯಿಸುವುದಕ್ಕಲ್ಲ, ತಣ್ಣಗಿನ ಅಡುಗೆಯನ್ನು ಬಿಸಿಮಾಡುವುದಕ್ಕೂ ಅಲ್ಲ. ಬೆಂದದ್ದನ್ನು 60 ಡಿಗ್ರಿಯ ಮೇಲೆ ಹಿಡಿದಿಡುವುದಷ್ಟೇ ಅದರ ಕೆಲಸ. ನಿನ್ನೆಯದನ್ನು ಒಲೆಯ ಮೇಲೆ 74 ಡಿಗ್ರಿಗೆ ಕಾಯಿಸಿ, ಆಮೇಲೆ ಇದಕ್ಕೆ ಸುರಿಯಿರಿ.

ಲಕ್ಷಣ: ಮಾಂಸ ಮೆತ್ತಗೆ, ಗಡ್ಡೆ ಗಟ್ಟಿ

ಒಲೆಯ ಮೇಲೆ ಆಗುವುದರ ತಿರುವುಮುರುವು ಇದು, ಹಾಗಾಗಿ ಹೊಸಬರಿಗೆ ನಂಬಿಕೆ ಬರುವುದಿಲ್ಲ. ಮಾಂಸವನ್ನು ಗಟ್ಟಿಯಾಗಿಸುವ ನಾರು, ಅಂದರೆ ಕೊಲಾಜನ್, 70 ಡಿಗ್ರಿಯ ಆಚೆ ನಿಧಾನವಾಗಿ ಕರಗಿ ಮೆತ್ತನೆಯ ಜೆಲಾಟಿನ್ ಆಗುತ್ತದೆ. ತರಕಾರಿಯ ಕೋಶಗಳನ್ನು ಅಂಟಿಸಿಟ್ಟ ಪೆಕ್ಟಿನ್ ಸಡಿಲವಾಗಲು 85 ಡಿಗ್ರಿಯ ಹತ್ತಿರ ಬರಬೇಕು. ಕುಕ್ಕರ್ ಆ ಮಟ್ಟಕ್ಕೆ ಬರುವುದು ಕೊನೆಯ ಕೆಲವು ಗಂಟೆಗಳಲ್ಲಿ. ಅಷ್ಟರೊಳಗೆ ಮಾಂಸದ ಕೆಲಸ ಅರ್ಧ ಮುಗಿದಿರುತ್ತದೆ.

ಆಲೂಗಡ್ಡೆ, ಕ್ಯಾರೆಟ್, ಬೀಟ್‌ರೂಟ್ ತಳಕ್ಕೂ ಗೋಡೆಯ ಪಕ್ಕಕ್ಕೂ ಹೋಗಲಿ, ಕಾಯಿಲ್ ಇರುವುದು ಅಲ್ಲಿಯೇ. ಮಾಂಸ ಅದರ ಮೇಲೆ. ಹೋಳುಗಳು ಎರಡು ಸೆಂಟಿಮೀಟರ್ ಮೀರದಿರಲಿ, ಎಲ್ಲವೂ ಒಂದೇ ಗಾತ್ರದ್ದಾಗಿರಲಿ, ಮತ್ತು ನೀರಿನೊಳಗೆ ಮುಳುಗಿರಲಿ. ನೀರಿನ ಮೇಲೆ ತಲೆಯೆತ್ತಿದ ಹೋಳು ಬೇಯುವುದಿಲ್ಲ, ಬೆವರುತ್ತದೆ ಅಷ್ಟೇ. ಟೊಮೆಟೊ, ಹುಣಸೆ, ನಿಂಬೆರಸ ಮೊದಲೇ ಬಿದ್ದಿದ್ದರೆ ಗಡ್ಡೆ ಇನ್ನಷ್ಟು ಹಟ ಹಿಡಿಯುತ್ತದೆ, ಹುಳಿಯಲ್ಲಿ ಪೆಕ್ಟಿನ್ ಬೇಗ ಬಿಡುವುದಿಲ್ಲ. ಹುಳಿಯನ್ನು ಕೊನೆಯ ಅರ್ಧ ಗಂಟೆಗೆ ಉಳಿಸಿಕೊಳ್ಳಿ.

ಲಕ್ಷಣ: ಕಾಳು ಕಲ್ಲಿನ ಹಾಗೇ ಇದೆ

ವಿಚಿತ್ರ ನೋಡಿ, ಈ ಯಂತ್ರ ಹುಟ್ಟಿದ್ದೇ ಕಾಳಿಗಾಗಿ. ಇರ್ವಿಂಗ್ ನ್ಯಾಕ್ಸನ್ ಎಂಬವರಿಗೆ 1940ರಲ್ಲಿ ಇದರ ಪೇಟೆಂಟ್ ಸಿಕ್ಕಿತು, ಅವರು ಮಾರಿದ್ದು ‘ನ್ಯಾಕ್ಸನ್ ಬೀನರಿ’ ಎಂಬ ಹೆಸರಿನಲ್ಲಿ, ಅಂದರೆ ಕಾಳು ಬೇಯಿಸುವ ಪಾತ್ರೆ. ‘ರೈವಲ್’ ಎಂಬ ಹೆಸರಿನ ಕಂಪನಿ ಅದನ್ನು ಕೊಂಡು 1971ರಲ್ಲಿ ‘ಕ್ರಾಕ್‌ಪಾಟ್’ ಎಂದು ಹೊರತಂದ ಮೇಲೆಯೇ ಅದು ಮನೆಮನೆ ಸೇರಿದ್ದು. ಆದರೂ ಜನ ಇದರಲ್ಲಿ ಅತಿ ಹೆಚ್ಚು ಸೋಲುವುದು ಕಾಳಿನಲ್ಲಿಯೇ.

ಬೇಯದಿರಲು ಕಾರಣ ಮೂರು. ಕಾಳು ಹಳೆಯದು: ವರ್ಷಗಟ್ಟಲೆ ಬೆಚ್ಚಗಿನ ಜಾಗದಲ್ಲಿಟ್ಟ ಕಾಳು ಎಷ್ಟು ನೆನೆಸಿದರೂ ಜಗ್ಗುವುದಿಲ್ಲ. ರಾತ್ರಿ ನೆನೆಸಿ, ಬೆಳಿಗ್ಗೆ ನೋಡಿ. ಕೆಲವು ಉಬ್ಬಿ ಕೆಲವು ಹಾಗೇ ಸುಕ್ಕಾಗಿ ಉಳಿದಿದ್ದರೆ ಆ ಚೀಲದ ಕಾಳೇ ಸರಿಯಿಲ್ಲ. ನೀರು ಗಡಸು: ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿರುವ ನೀರಿನಲ್ಲಿ ಸಿಪ್ಪೆ ಬಿಡುವುದಿಲ್ಲ. ಕೆಟಲ್ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಿದ್ದರೆ ನಿಮ್ಮದು ಗಡಸು ನೀರು. ಫಿಲ್ಟರ್ ನೀರು ಬಳಸಿ, ಇಲ್ಲವೇ ಚಿಟಿಕೆ ಅಡುಗೆ ಸೋಡ ಹಾಕಿ. ಸೋಡ ಜಾಸ್ತಿಯಾದರೆ ಕಾಳು ಸಾಬೂನಿನ ರುಚಿ ಕೊಡುತ್ತದೆ, ಚಿಟಿಕೆ ಎಂದರೆ ಚಿಟಿಕೆಯೇ. ಮೂರನೆಯದು ಮತ್ತೆ ಹುಳಿ.

ಈಗ ಇದಕ್ಕಿಂತ ಮುಖ್ಯವಾದ ಮಾತು. ಕೆಂಪು ರಾಜ್ಮಾ ಕಾಳನ್ನು ಹಸಿಯಾಗಿ ಸ್ಲೋ ಕುಕ್ಕರ್‌ಗೆ ಹಾಕಲೇಬೇಡಿ. ಅದರಲ್ಲಿ ಫೈಟೊಹೀಮಗ್ಲುಟಿನಿನ್ ಎಂಬ ವಿಷ ಪದಾರ್ಥವಿದೆ. ಕುದಿಯುವ ನೀರಿನಲ್ಲಿ ಅದು ನಾಶವಾಗುತ್ತದೆ. ಆದರೆ 80 ಡಿಗ್ರಿಯ ಮಂದ ಬಿಸಿಯಲ್ಲಿ ನಾಶವಾಗುವ ಬದಲು ಹಸಿ ಕಾಳಿನದಕ್ಕಿಂತಲೂ ಹೆಚ್ಚು ಚುರುಕಾಗಬಲ್ಲದು, ಐದು ಪಟ್ಟಿನವರೆಗೂ. ಸರಿಯಾಗಿ ಬೇಯದ ನಾಲ್ಕೈದು ಕಾಳು ತಿಂದರೂ ಒಂದರಿಂದ ಮೂರು ಗಂಟೆಯೊಳಗೆ ಹೊಟ್ಟೆ ತೊಳೆಸಿ, ಜೋರು ವಾಂತಿ, ಆಮೇಲೆ ಭೇದಿ ಶುರುವಾಗಬಹುದು. ಕಾಳು ಮೆತ್ತಗಾಗಿದೆ ಎನ್ನುವುದು ವಿಷ ಹೋಗಿದೆ ಎನ್ನುವುದಕ್ಕೆ ಗುರುತಲ್ಲ.

ಮಾಡಬೇಕಾದ್ದು ಹೀಗೆ. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಒಲೆಯ ಮೇಲೆ ಕೊತಕೊತ ಕುದಿಸಿ. ವಿಷ ನಾಶವಾಗಲು 10 ನಿಮಿಷದ ಪೂರ್ಣ ಕುದಿ ಸಾಕು. 30 ನಿಮಿಷ ಕುದಿಸಿ ಎನ್ನುವ ಸಲಹೆ ಇರುವುದು ಪ್ರತಿ ಕಾಳಿನ ಒಳಗೂ ಆ ಬಿಸಿ ಮುಟ್ಟಲಿ ಎಂದು. ನಾನು ಅರ್ಧ ಗಂಟೆಯನ್ನೇ ಹಿಡಿಯುತ್ತೇನೆ. ಆಮೇಲೆ ಕುಕ್ಕರ್‌ಗೆ. ಡಬ್ಬಿಯಲ್ಲಿ ಬರುವ ರಾಜ್ಮಾ ಮೊದಲೇ ಬೆಂದಿರುತ್ತದೆ, ಅದಕ್ಕೆ ಈ ಚಿಂತೆಯಿಲ್ಲ. ತಿಂದು ವಾಂತಿ ಶುರುವಾಗಿದ್ದರೆ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ಆದರೆ ಮಕ್ಕಳು, ವಯಸ್ಸಾದವರು, ನೀರು ಕೂಡ ಹೊಟ್ಟೆಯಲ್ಲಿ ನಿಲ್ಲದವರು ಕಾಯಬಾರದು, ವೈದ್ಯರ ಬಳಿ ಹೋಗಬೇಕು.

ಲಕ್ಷಣ: ನೀರುನೀರು, ಸಪ್ಪೆ

ಒಲೆಯ ಅಡುಗೆಯ ಅಳತೆಯನ್ನು ಹಾಗೇ ತಂದಿರುತ್ತೀರಿ. ಒಲೆಯ ಮೇಲೆ ಅರ್ಧ ನೀರು ಆವಿಯಾಗಿ ಹೋಗುತ್ತದೆ. ಇಲ್ಲಿ ಹಬೆ ಮುಚ್ಚಳಕ್ಕೆ ತಾಗಿ ಹನಿಯಾಗಿ ಅಲ್ಲಿಯೇ ಬೀಳುತ್ತದೆ, ಮೇಲಾಗಿ ತರಕಾರಿ, ಮಾಂಸ ತಮ್ಮ ನೀರನ್ನೂ ಬಿಡುತ್ತವೆ. ಒಲೆಗೆ ಹಾಕುವ ನೀರಿನಲ್ಲಿ ಮೂರನೇ ಒಂದು ಪಾಲು ಕಡಿಮೆ ಮಾಡಿ ಶುರುಮಾಡಿ. ಈಗಾಗಲೇ ನೀರಾಗಿದ್ದರೆ ಕೊನೆಯ ಅರ್ಧ ಗಂಟೆ ಮುಚ್ಚಳ ಓರೆಯಿಟ್ಟು ಹೈನಲ್ಲಿಡಿ, ಅಥವಾ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರನ್ನು ಎರಡು ಚಮಚ ತಣ್ಣೀರಿನಲ್ಲಿ ಕದಡಿ ಬೆರೆಸಿ.

ಸಪ್ಪೆಯ ಕಾರಣ ಬೇರೆ. ನೂರು ಡಿಗ್ರಿಯ ಕೆಳಗೆ, ಒದ್ದೆಯಲ್ಲಿ, ಯಾವುದೂ ಕೆಂಪಗೆ ಹುರಿದುಕೊಳ್ಳುವುದಿಲ್ಲ. ಈರುಳ್ಳಿ, ಮಸಾಲೆ, ಮಾಂಸವನ್ನು ಬಾಣಲೆಯಲ್ಲಿ ಬಣ್ಣ ಬರುವವರೆಗೆ ಹುರಿದು ಹಾಕಿ. ‘ಎಲ್ಲ ಹಾಕಿ ಮರೆತುಬಿಡಿ’ ಎನ್ನುವ ಜಾಹೀರಾತಿನ ಮಾತು ನನಗಂತೂ ಒಪ್ಪಿಗೆಯಿಲ್ಲ. ಆ ಹತ್ತು ನಿಮಿಷ ಉಳಿಸಿದವರ ಅಡುಗೆಯೆಲ್ಲ ಒಂದೇ ರುಚಿ. ಹಸಿ ಸೊಪ್ಪು, ನಿಂಬೆರಸ, ಉಪ್ಪಿನ ಕೊನೆಯ ಹದ ಬಡಿಸುವ ಮುಂಚೆ.

ಲಕ್ಷಣ: ಅಂಚು ಸೀಯುತ್ತದೆ, ನಡುವೆ ಸರಿಯಿದೆ

ಪಾತ್ರೆ ದೊಡ್ಡದು, ಅಡುಗೆ ಚಿಕ್ಕದು. ಇಬ್ಬರಿಗೆ ಬೇಯಿಸಲು ನಾನು ಮೊದಲು ಕೊಂಡದ್ದು ಆರು ಲೀಟರಿನದು, ‘ನೆಂಟರು ಬಂದರೆ ಬೇಕಾಗುತ್ತದೆ’ ಎಂದು. ನೆಂಟರು ಬಂದದ್ದು ವರ್ಷಕ್ಕೆರಡು ಸಲ, ಅಂಚು ಕರಟಿದ್ದು ವಾರಕ್ಕೆರಡು ಸಲ. ಕಾಲುಭಾಗ ತುಂಬಿದ ಪಾತ್ರೆಯಲ್ಲಿ ಗೋಡೆಯ ಶಾಖಕ್ಕೆ ಹೀರಿಕೊಳ್ಳುವವರೇ ಇರುವುದಿಲ್ಲ. ಇದ್ದದ್ದನ್ನೇ ಬಳಸಬೇಕಾದರೆ, ಒಳಗೆ ಶಾಖ ತಡೆಯುವ ಚಿಕ್ಕ ಪಾತ್ರೆಯಿಟ್ಟು ಅದರಲ್ಲಿ ಬೇಯಿಸಿ, ಸುತ್ತ ಬಿಸಿ ನೀರು ಹಾಕಿ. ಅಥವಾ ಹೊತ್ತು ಕಡಿಮೆ ಮಾಡಿ. ಅರ್ಧ ತುಂಬಿದ್ದೂ ಯಾವಾಗಲೂ ಒಂದೇ ಬದಿ ಸೀಯುತ್ತಿದ್ದರೆ ಕಾಯಿಲ್ ಆ ಬದಿಗೆ ಒತ್ತಿಕೊಂಡಿದೆ. ನಡುವೆ ಪಾತ್ರೆಯನ್ನು ಬಟ್ಟೆ ಹಿಡಿದು ಅರ್ಧ ಸುತ್ತು ತಿರುಗಿಸಿದರೆ ಸಾಕು.

ಲಕ್ಷಣ: ಮಾಂಸ ಒಣಗಿ ನಾರಾಗಿದೆ, ಹಾಲು ಒಡೆದಿದೆ, ಅನ್ನ ಗಂಜಿಯಾಗಿದೆ

ಮೂರಕ್ಕೂ ಒಂದೇ ರೋಗ, ಹೊತ್ತು ಮೀರಿದ್ದು. ಕೋಳಿಯ ಎದೆ ಭಾಗದಲ್ಲಿ ಕರಗುವ ಕೊಲಾಜನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದು 74 ಡಿಗ್ರಿ ಮುಟ್ಟಿದ ಮೇಲೆ ಒಳಗಿರುವ ಪ್ರತಿ ಗಂಟೆಯೂ ನಷ್ಟ. ಎಂಟು ಗಂಟೆ ಇಡುವುದಾದರೆ ತೊಡೆ, ಕಾಲು, ಭುಜದಂಥ ನರ, ಕೊಬ್ಬು ಇರುವ ತುಂಡು ಆರಿಸಿ. ಹಾಲು, ಮೊಸರು, ಕೆನೆ ಕೊನೆಯ 15–30 ನಿಮಿಷಕ್ಕೆ. ಅಕ್ಕಿಯನ್ನೂ ಪಾಸ್ತಾವನ್ನೂ ಬೇರೆಯಾಗಿ ಬೇಯಿಸಿ ಕೊನೆಗೆ ಬೆರೆಸುವುದು ಲೇಸು.

ಲಕ್ಷಣ: ವಾಸನೆ, ಹೊಗೆ, ಜುಮ್ಮೆನ್ನುವುದು, ಎಂಸಿಬಿ ಬೀಳುವುದು

ಹೊಸದನ್ನು ಮೊದಲ ಸಲ ಹಾಕಿದಾಗ ಕಾಯಿಲ್ ಮೇಲಿನ ಎಣ್ಣೆ ಪಸೆ ಸುಟ್ಟು ತೆಳುವಾಗಿ ಹೊಗೆ, ವಾಸನೆ ಬರುವುದು ಸಹಜ. ಕಿಟಕಿ ತೆರೆದು, ಬರೀ ನೀರು ಹಾಕಿ ಒಂದೆರಡು ಗಂಟೆ ನಡೆಸಿ. ಹಳೆಯದರಲ್ಲಿ ಸೀದ ವಾಸನೆ ಬಂದರೆ ಪ್ಲಗ್ ಕಿತ್ತು, ಪೂರ್ತಿ ತಣಿದ ಮೇಲೆ ಒಳಪಾತ್ರೆ ಎತ್ತಿ ನೋಡಿ. ಚೆಲ್ಲಿದ ರಸ ಹೊರಗೋಡೆಗೆ ಅಂಟಿ ಕರಿ ಪೊರೆಯಾಗಿದ್ದರೆ ಅದೇ ಕಾರಣ. ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ. ನಲ್ಲಿಯ ಕೆಳಗೆ ಹಿಡಿಯಬೇಡಿ.

ಆದರೆ ಪ್ಲಾಸ್ಟಿಕ್ ಸುಡುವ ವಾಸನೆ ಬೇರೆ ಸಂಗತಿ. ಪ್ಲಗ್ ಕೀಳಿ, ಪಿನ್‌ಗಳನ್ನೂ ಸಾಕೆಟ್‌ನ ತೂತುಗಳನ್ನೂ ನೋಡಿ. ಕಂದು ಕಲೆಯೋ ಕರಗಿದ ಅಂಚೋ ಇದ್ದರೆ ಸಾಕೆಟ್ ಸಡಿಲವಾಗಿದೆ, ಎಲೆಕ್ಟ್ರೀಷಿಯನ್ ಬದಲಿಸುವವರೆಗೆ ಅದಕ್ಕೆ ಏನನ್ನೂ ಸಿಕ್ಕಿಸಬೇಡಿ. ಹೊರಮೈ ಮುಟ್ಟಿದರೆ ಜುಮ್ಮೆನ್ನುವುದು, ಹಾಕಿದೊಡನೆ ಎಂಸಿಬಿ ಅಥವಾ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಆರುವ ಸ್ವಿಚ್) ಬೀಳುವುದು, ವೈರಿನ ಮೇಲ್ಪದರ ಒಡೆದು ಒಳಗಿನದು ಕಾಣುವುದು: ಈ ಮೂರರಲ್ಲಿ ಯಾವುದೇ ಕಂಡರೂ ಮನೆಯಲ್ಲಿ ಇನ್ನೊಮ್ಮೆ ಹಾಕಿ ನೋಡುವ ಪ್ರಯೋಗ ಬೇಡ. ಸ್ವಿಚ್ ಬೋರ್ಡಿನಲ್ಲಿ ಆರಿಸಿ, ಒಣ ಕೈಯಿಂದ ಪ್ಲಗ್ ಕಿತ್ತು, ರಿಪೇರಿಗೆ ಕೊಡಿ ಅಥವಾ ಎಸೆಯಿರಿ. ತೊಳೆಯುವಾಗ ಬೇಸ್‌ನೊಳಗೆ ನೀರು ಹೋಗಿದ್ದರೂ ಅಷ್ಟೇ. ಬಿಸಿಲಿಗಿಟ್ಟರೆ ಹೊರಗೆ ಒಣಗುತ್ತದೆ, ಕಾಯಿಲ್ ಸುತ್ತಿನ ಪದರದಲ್ಲಿ ತೇವ ಉಳಿದಿರುತ್ತದೆ.

ಲಕ್ಷಣ: ಒಳಪಾತ್ರೆಯಲ್ಲಿ ಗೆರೆ

ಸಂತೆಯಲ್ಲಿ ಮಡಕೆ ಕೊಳ್ಳುವವರು ಬಡಿದು ನೋಡುತ್ತಾರಲ್ಲ, ಹಾಗೇ ಮಾಡಿ. ಖಾಲಿ ಪಾತ್ರೆಯನ್ನು ಮಡಚಿದ ಬಟ್ಟೆಯ ಮೇಲಿಟ್ಟು ಗೆಣ್ಣಿನಿಂದ ತಟ್ಟಿ. ಟಣ್ ಎಂದು ದನಿ ಎಳೆದರೆ ಗೆರೆ ಮೇಲಿನ ಹೊಳಪಿನ ಪದರದ್ದು ಮಾತ್ರ ಇರಬಹುದು. ದಡ್ ಎಂದು ಸತ್ತ ದನಿ ಬಂದರೆ ಬಿರುಕು ಒಳಗಿದೆ. ಖಚಿತವಾಗಬೇಕಾದರೆ ನೀರು ತುಂಬಿ, ಒಣ ಕಾಗದದ ಮೇಲೆ ಒಂದು ರಾತ್ರಿ ಇಡಿ. ಬೆಳಿಗ್ಗೆ ಕಾಗದದ ಮೇಲೆ ಒದ್ದೆ ಉಂಗುರ ಕಂಡರೆ ಆ ಪಾತ್ರೆಯ ಕಥೆ ಮುಗಿಯಿತು. ಅಂಟು ಹಾಕಿ ಬಳಸಬೇಡಿ. ಸೋರಿದ ರಸ ಹೋಗುವುದು ಕರೆಂಟು ಹರಿಯುವ ಕಾಯಿಲ್ ಕಡೆಗೆ. ಅಂಚಿನ ಒಂದು ಚಕ್ಕೆ ಹಾರಿದ್ದರೂ ಬೇಡ, ಚೂರು ಅಡುಗೆಗೆ ಬೀಳುತ್ತದೆ. ಬೇಸ್ ಚೆನ್ನಾಗಿದ್ದರೆ ಅದೇ ಮಾಡೆಲ್‌ನ ಒಳಪಾತ್ರೆ ಮಾತ್ರ ಬಿಡಿಯಾಗಿ ಸಿಗುತ್ತದೆಯೇ ಕೇಳಿ.

ಬಿರುಕು ಬರುವುದು ಬಿಸಿ, ತಂಪು ಒಮ್ಮೆಲೇ ಸೇರಿದಾಗ. ಬಿಸಿ ಪಾತ್ರೆಗೆ ತಣ್ಣೀರು, ಫ್ರಿಜ್‌ನಿಂದ ತೆಗೆದ ಪಾತ್ರೆ ಮೊದಲೇ ಕಾದ ಬೇಸ್‌ಗೆ, ಅಥವಾ ‘ಬೇಗ ಆಗಲಿ’ ಎಂದು ಗ್ಯಾಸ್ ಒಲೆಯ ಮೇಲೆ.

ಲಕ್ಷಣ: ನಡುವೆ ಕರೆಂಟು ಹೋಗಿ ಬಂದಿದೆ

ಮನೆಯಲ್ಲಿದ್ದರೆ ತಕ್ಷಣ ಎಲ್ಲವನ್ನೂ ಒಲೆಗೆ ವರ್ಗಾಯಿಸಿ ಬೇಯಿಸಿ ಮುಗಿಸಿ. ಅಡುಗೆ ಪೂರ್ತಿ ಬೆಂದ ಮೇಲೆ ಕರೆಂಟು ಹೋಗಿದ್ದರೆ ಎರಡು ಗಂಟೆಯವರೆಗೆ ತೊಂದರೆಯಿಲ್ಲ. ಹೊರಗಿದ್ದು ಬಂದವರಿಗೆ ಕಷ್ಟ. ಡಿಜಿಟಲ್ ಮಾಡೆಲ್‌ಗಳು ಸಾಮಾನ್ಯವಾಗಿ ಆರಿ ಕೂತಿರುತ್ತವೆ, ಪರದೆ ಮಿಟುಕುತ್ತಿರುತ್ತದೆ. ನಾಬಿನದು ಏನೂ ಆಗದವರ ಹಾಗೆ ಮತ್ತೆ ನಡೆಯುತ್ತಿರುತ್ತದೆ. ಎಷ್ಟು ಹೊತ್ತು ನಿಂತಿತ್ತು ಎಂದು ಯಾರೂ ಹೇಳಲಾರರು. ಹೊತ್ತು ಗೊತ್ತಿಲ್ಲದಿದ್ದರೆ ಚೆಲ್ಲಬೇಕು, ನೋಡಲು ಬೆಂದಂತೆ ಕಂಡರೂ, ವಾಸನೆ ಚೆನ್ನಾಗಿದ್ದರೂ. ಕೆಲವು ರೋಗಾಣುಗಳು ಬಿಟ್ಟ ವಿಷ ಮತ್ತೆ ಕುದಿಸಿದರೆ ಹೋಗುವುದಿಲ್ಲ. ಕರೆಂಟು ಆಗಾಗ ಹೋಗುವ ಕಡೆ, ಕರೆಂಟಿನಿಂದ ನಡೆಯುವ, ಬ್ಯಾಟರಿಯಿಲ್ಲದ ಹಳೆಯ ಮುಳ್ಳಿನ ಗಡಿಯಾರವೊಂದನ್ನು ಅದೇ ಬೋರ್ಡಿಗೆ ಸಿಕ್ಕಿಸಿಡಿ. ಸಂಜೆ ಅದು ಎಷ್ಟು ಹಿಂದಿದೆಯೋ ಕರೆಂಟು ಅಷ್ಟು ಹೊತ್ತು ಹೋಗಿತ್ತು.

ಬದಲಿಸುವ ಕಾಲ ಬಂದರೆ

ತಲೆಗೆ ಒಂದು ಲೀಟರಿನಂತೆ ಹಿಡಿದು, ಮೇಲೆ ಅರ್ಧ ಲೀಟರ್ ಸೇರಿಸಿ. ಇಬ್ಬರಿಗೆ ಎರಡೂವರೆ, ನಾಲ್ವರಿಗೆ ನಾಲ್ಕೂವರೆ. ಒಳಪಾತ್ರೆ ಬಿಡಿಸಿ ತೆಗೆಯುವಂತಿರಲೇಬೇಕು. ಇಡೀ ಕೋಳಿ, ದೊಡ್ಡ ಮಾಂಸದ ತುಂಡು ಇಡುವವರಿಗೆ ಅಂಡಾಕಾರ, ಕಾಳು, ಸೂಪು ಮಾಡುವವರಿಗೆ ಗುಂಡನೆಯದು. ಹತ್ತು ಗಂಟೆ ಹೊರಗಿರುವವರಿಗೆ, ಹೊತ್ತಾದ ಮೇಲೆ ತಾನಾಗಿ ವಾರ್ಮ್‌ಗೆ ಇಳಿಯುವ ಟೈಮರ್ ಸಾರ್ಥಕ. ಆದರೆ ತಡವಾಗಿ ಶುರುವಾಗುವ ಟೈಮರಿನ ಆಸೆಗೆ ಬೀಳಬೇಡಿ. ಹಸಿ ಮಾಂಸ ಶುರುವಾಗುವ ಮುಂಚೆ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು.

ಮನೆಗೆ ತಂದ ಮೊದಲ ದಿನವೇ ನೀರಿನ ಪರೀಕ್ಷೆ ಮಾಡಿ, ಬಂದ ಅಂಕಿಯನ್ನು ದಿನಾಂಕದೊಡನೆ ಬೇಸ್‌ನ ತಳದಲ್ಲಿ ಮಾರ್ಕರ್‌ನಿಂದ ಬರೆದಿಡಿ. ನನ್ನದರಲ್ಲಿ 91 ಎಂದಿದೆ.